‘ಲೂಯಿ ಲೂಯಿ’ಯ ಮೂಲ ಯಾವುದು?

ಓದುಗರ ಪತ್ರ: ರಾಕ್ ಸಂಗೀತದ ಬಗೆಗಿನ ಲೇಖನದಲ್ಲಿ ಕಿಂಗ್ಸ್‌ಮೆನ್ ತಂಡದ ‘ಲೂಯಿ ಲೂಯಿ’ಯನ್ನು ಹಾಡಿ ಹೊಗಳಿದ್ದೀರಿ. ಹುಡುಕಿ ಕೇಳಿದೆ, ಒಂದು ಪದವೂ ತಿಳಿಯಲಿಲ್ಲ. ಅದು ಬೇರೆಯವರ ಹಾಡಂತೆ, ಸಾಲದ್ದಕ್ಕೆ ಅಶ್ಲೀಲವೂ ಹೌದಂತೆ. ಮೂಲ ಗಾಯಕನನ್ನು ಬಿಟ್ಟು ಎಂಜಲನ್ನೇಕೆ ಬಡಿಸುತ್ತೀರಿ? (ಹಾಸನದ ಓದುಗರೊಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ, ಪದ ತಿಳಿಯಲಿಲ್ಲವೆಂದು ಬೇಸರ ಬೇಡ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೂ ತಿಳಿಯಲಿಲ್ಲ. ಆ ಕತೆ ಆಮೇಲೆ ಹೇಳುತ್ತೇನೆ, ಮೊದಲು ಎಂಜಲಿನ ಮಾತು.

ಹಾಡು ಬರೆದವನು ಲಾಸ್ ಏಂಜಲೀಸ್‌ನ ಕಪ್ಪು ಗಾಯಕ ರಿಚರ್ಡ್ ಬೆರ್ರಿ. 1955ರಲ್ಲಿ ಲ್ಯಾಟಿನ್ ಶೈಲಿಯ ತಂಡವೊಂದರ ಜೊತೆ ಹಾಡುತ್ತಿದ್ದಾಗ ಅವರು ನುಡಿಸಿದ ‘ಎಲ್ ಲೋಕೊ ಚಾ ಚಾ’ ಅವನ ತಲೆಯೊಳಗೆ ಕೂತುಬಿಟ್ಟಿತು. ಕ್ಯೂಬಾದ ರೆನೆ ತೂಸೆ ಹೊರತಂದಿದ್ದ ಆ ಕೃತಿಯ ಆರಂಭದ ನುಡಿತವೇ ‘ಲೂಯಿ ಲೂಯಿ’ಯ ಬೆನ್ನೆಲುಬು. ತೂಸೆಯದೂ ಸ್ವಂತದ್ದಲ್ಲ, ರೊಸೆಂಡೊ ರೂಯಿಸ್ ಎಂಬಾತನ ಹಾಡಿಗೆ ಮಾಡಿದ ಹೊಸ ಸಂಯೋಜನೆ. ಬೆರ್ರಿಯ ಹಾಡಿನಲ್ಲಿ ಬರುವ, ಬಾರ್‌ನವನ ಮುಂದೆ ಎದೆಭಾರ ಇಳಿಸಿಕೊಳ್ಳುವ ಕಲ್ಪನೆ ‘ಒನ್ ಫಾರ್ ಮೈ ಬೇಬಿ’ ಎಂಬ ಹಳೆಯ ಹಾಡಿನಿಂದ ಬಂದದ್ದು. ನೀವು ಕೇಳುವ ಮೂಲಕ್ಕೆ ಎಲ್ಲಿಯವರೆಗೆ ಹೋಗೋಣ, ಹೇಳಿ.

ಬೆರ್ರಿಯ ಗ್ರಾಮಫೋನ್ ತಟ್ಟೆ 1957ರಲ್ಲಿ ಬಂತು. ಆಗ ‘ಲೂಯಿ ಲೂಯಿ’ಗೆ ಸಿಕ್ಕದ್ದು ಅದರ ಹಿಂಬದಿ ಮಾತ್ರ. ಪಶ್ಚಿಮ ಕರಾವಳಿಯಲ್ಲಿ ಒಂದಷ್ಟು ಓಡಿ ನಿಂತಿತು. ಮದುವೆ ಖರ್ಚಿಗೆ ಕಾಸು ಬೇಕಾಗಿ ಬೆರ್ರಿ ಈ ಹಾಡಿನ ಜೊತೆ ಇನ್ನಷ್ಟು ಹಾಡುಗಳ ಹಕ್ಕನ್ನು 750 ಡಾಲರ್‌ಗೆ ಮಾರಿದ.

ಮುಂದೆ ಅದನ್ನು ಎತ್ತಿಕೊಂಡವರು ಅಮೆರಿಕದ ವಾಯವ್ಯ ಮೂಲೆಯ ಟಕೋಮಾ ಊರಿನ ಹುಡುಗರು. 1961ರಲ್ಲಿ ರಾಕಿನ್ ರಾಬಿನ್ ರಾಬರ್ಟ್ಸ್ ಎಂಬ ಗಾಯಕ ವೇಲರ್ಸ್ ತಂಡದೊಂದಿಗೆ ಹಾಡಿದ. ಬೆರ್ರಿಯದು ತೂಗಿ ತೂಗಿ ಸಾಗುವ ಹಾಡು. ರಾಬರ್ಟ್ಸ್ ಅದಕ್ಕೆ ಒರಟುತನ ಕೊಟ್ಟ, ಗಿಟಾರ್ ಬರುವ ಮುನ್ನ ಒಂದು ಕೂಗು ಸೇರಿಸಿದ. ಪೋರ್ಟ್‌ಲೆಂಡ್‌ನ ಕಿಂಗ್ಸ್‌ಮೆನ್ ತಂಡದ ಜ್ಯಾಕ್ ಈಲಿ ಕಲಿತದ್ದು ಜೂಕ್‌ಬಾಕ್ಸ್‌ನಲ್ಲಿ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಕೇಳಿದ ರಾಬರ್ಟ್ಸ್‌ನ ಈ ಬಗೆಯನ್ನು, ಆ ಕೂಗನ್ನೂ ಸೇರಿಸಿ. ಕಲಿತದ್ದೂ ತಪ್ಪಾಗಿ: ನಾಲ್ಕು ಪೆಟ್ಟು ಇರಬೇಕಾದ ಕಡೆ ಮೂರೇ ಪೆಟ್ಟು ಎಂದು ಗೆಳೆಯರಿಗೆ ಹೇಳಿಕೊಟ್ಟ. ಇವತ್ತು ಜಗತ್ತೆಲ್ಲ ಬಲ್ಲ ‘ಲೂಯಿ ಲೂಯಿ’ ಆ ಮೂರು ಪೆಟ್ಟಿನದೇ.

1963ರ ಏಪ್ರಿಲ್ 6ರಂದು ಸುಮಾರು ಐವತ್ತು ಡಾಲರ್ ಖರ್ಚಿನಲ್ಲಿ ಧ್ವನಿಮುದ್ರಣ ನಡೆಯಿತು. ಮೈಕು ಎತ್ತರದಲ್ಲಿ ನೇತಾಡುತ್ತಿತ್ತು, ಈಲಿ ಕತ್ತೆತ್ತಿ ಅರಚಬೇಕಾಯಿತು. ಅವನ ಹಲ್ಲಿಗೆ ಕ್ಲಿಪ್ ಬೇರೆ. ಗಿಟಾರ್ ಸೋಲೋ ಮುಗಿದ ಮೇಲೆ ಗಮನವಿಟ್ಟು ಕೇಳಿ: ಈಲಿ ಒಂದು ಸುತ್ತು ಮೊದಲೇ ಬಾಯಿ ತೆರೆದು, ಗೊತ್ತಾಗಿ ಗಪ್ಪನೆ ನಿಲ್ಲುತ್ತಾನೆ. ಡ್ರಮ್ ಬಾರಿಸುತ್ತಿದ್ದ ಲಿನ್ ಈಸ್ಟನ್ ಆ ಕಂದಕವನ್ನು ದಡಬಡ ಪೆಟ್ಟಿನಿಂದ ಮುಚ್ಚುತ್ತಾನೆ. ಮತ್ತೆ ಹಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಬಾಸ್ಟನ್ನಿನ ರೇಡಿಯೊ ನಿರೂಪಕನೊಬ್ಬ ಇದನ್ನು ವಾರದ ಅತಿ ಕೆಟ್ಟ ತಟ್ಟೆ ಎಂದು ಹಾಕಿದ, ಜನ ಅಂಗಡಿಗೆ ಓಡಿದರು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಏರಿತು.

ಇನ್ನು ಅಶ್ಲೀಲದ ಮಾತು. ಪದ ಕೇಳಿಸದಿದ್ದಾಗ ಕಾಲೇಜು ಹುಡುಗರು ತಮಗೆ ಬೇಕಾದ್ದನ್ನು ತುಂಬಿಕೊಂಡರು, ಚೀಟಿಗಳು ಕೈಯಿಂದ ಕೈಗೆ ಹೋದವು. 1964ರಲ್ಲಿ ಇಂಡಿಯಾನದ ಗವರ್ನರ್ ಮ್ಯಾಥ್ಯೂ ವೆಲ್ಷ್ ಅದನ್ನು ಕೊಳಕು ಹಾಡೆಂದು ಬಗೆದು, ರೇಡಿಯೊದಲ್ಲಿ ಹಾಕಬೇಡಿ ಎಂದರು. ದೂರುಗಳು ಅಟಾರ್ನಿ ಜನರಲ್ ರಾಬರ್ಟ್ ಕೆನಡಿವರೆಗೂ ಹೋದವು. ಎಫ್‌ಬಿಐ ಪ್ರಯೋಗಾಲಯ ತಟ್ಟೆಯನ್ನು ಬೇರೆಬೇರೆ ವೇಗದಲ್ಲಿ ತಿರುಗಿಸಿತು, ನೂರಕ್ಕೂ ಹೆಚ್ಚು ಪುಟದ ಕಡತ ಕಟ್ಟಿತು, ಕೊನೆಗೆ ಯಾವ ವೇಗದಲ್ಲೂ ಅರ್ಥವಾಗದು ಎಂದು ಕೈಚೆಲ್ಲಿತು. ಬೆರ್ರಿ ಬರೆದದ್ದು ಇಷ್ಟೇ: ನಾವಿಕನೊಬ್ಬ ಬಾರ್‌ನ ಲೂಯಿಯ ಬಳಿ, ಜಮೈಕಾದಲ್ಲಿರುವ ಹುಡುಗಿಯ ಹತ್ತಿರ ಹೋಗಬೇಕು ಎನ್ನುತ್ತಾನೆ. ತಮಾಷೆ ಏನೆಂದರೆ, ಸುಮಾರು 54ನೇ ಸೆಕೆಂಡಿಗೆ ಈಸ್ಟನ್ ಕೈತಪ್ಪಿ ನಿಜವಾದ ಬೈಗುಳವೊಂದನ್ನು ಕೂಗಿದ್ದಾನೆ. ಪತ್ತೇದಾರರ ಕಿವಿಗೆ ಅದೊಂದೇ ಬೀಳಲಿಲ್ಲ!

ಎಂಜಲು ಎಂಬುದಕ್ಕಿಂತ ಹಣದ ಪ್ರಶ್ನೆ ಕೇಳಿದ್ದರೆ ನಾನು ನಿಮ್ಮ ಕಡೆಗೇ ನಿಲ್ಲುತ್ತಿದ್ದೆ. ಹಾಡು ಊರೂರು ಸುತ್ತುವಾಗ ಬರೆದವನ ಕೈಗೆ ಪುಡಿಗಾಸು. 1980ರ ದಶಕದ ನಡುವೆ ಪಾನೀಯವೊಂದರ ಜಾಹೀರಾತಿನಲ್ಲಿ ಈ ಹಾಡು ಬಳಸಲು ಬೆರ್ರಿಯ ಸಹಿ ಬೇಕಾಯಿತು. ಹುಡುಕಿಕೊಂಡು ಹೋದಾಗ ಆತ ತಾಯಿಯ ಮನೆಯಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದ. ಕಲಾವಿದರ ಹಕ್ಕಿಗಾಗಿ ಹೋರಾಡುವ ವಕೀಲರ ನೆರವಿನಿಂದ ಹಕ್ಕು ಮರಳಿ ಬಂತು, ಜೊತೆಗೆ ದೊಡ್ಡ ಮೊತ್ತವೂ ಬಂತು. 1997ರಲ್ಲಿ ತೀರಿಕೊಳ್ಳುವ ಮುನ್ನ ಆತ ಅದನ್ನು ಕಂಡನೆಂಬುದೇ ಸಮಾಧಾನ. ಈಲಿಗೂ ಸುಖವಾಗಲಿಲ್ಲ. ತಂಡದ ಹೆಸರನ್ನು ತನ್ನ ಕಡೆಗೆ ನೋಂದಾಯಿಸಿಕೊಂಡಿದ್ದ ಈಸ್ಟನ್, ಇನ್ನು ಮುಂದೆ ಹಾಡುವವನು ನಾನೇ ಎಂದ. ಹಾಡು ಗೆಲ್ಲುವ ಹೊತ್ತಿಗೆ ಈಲಿ ತಂಡದಲ್ಲೇ ಇರಲಿಲ್ಲ.

ಆಮೇಲೆ ಹಾಡಿದವರಿಗೆ ಲೆಕ್ಕವಿಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ರೇಡಿಯೊ ಒಂದು 63 ಗಂಟೆ ಇದೊಂದನ್ನೇ ಪ್ರಸಾರ ಮಾಡಿತು, 800ಕ್ಕೂ ಹೆಚ್ಚು ಬಗೆಗಳಲ್ಲಿ. ಮೋಟರ್‌ಹೆಡ್ ಎಂಬ ರಾಕ್ ತಂಡ 1978ರಲ್ಲಿ ಇದನ್ನು ಗುಡುಗಿಸಿತು. ಬ್ಲ್ಯಾಕ್ ಫ್ಲ್ಯಾಗ್ ಎಂಬ ಇನ್ನೊಂದು ತಂಡ 1981ರಲ್ಲಿ ಪದಗಳನ್ನೇ ಬದಲಿಸಿತು. ನನಗೆ ಅದು ಹಿಡಿಸಲಿಲ್ಲ. ನನ್ನ ಮೆಚ್ಚಿನದು ಟೂಟ್ಸ್ ಆ್ಯಂಡ್ ದ ಮೇಟಲ್ಸ್ ತಂಡ ಜಮೈಕಾದ ರೆಗ್ಗೆ ಶೈಲಿಯಲ್ಲಿ ಹಾಡಿದ್ದು. ಅವರು ಜಮೈಕಾದವರೇ. ನಿಮಗೆ ಪದವೂ ತಿಳಿಯಬೇಕೆಂದರೆ ಬೆರ್ರಿಯ 1957ರ ತಟ್ಟೆಯಿಂದ ಶುರು ಮಾಡಿ, ನಂತರ ರಾಬರ್ಟ್ಸ್, ಅದಾದ ಮೇಲೆ ಮತ್ತೊಮ್ಮೆ ಕಿಂಗ್ಸ್‌ಮೆನ್. ಆಗಲೂ ಹಿಡಿಸದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಪ್ರಕಟಿಸುತ್ತೇವೆ.