ಚಾರಣಕ್ಕೆ ಖೀಮಾ ಒಣಗಿಸುವ ಬಗ್ಗೆ: ಬಿಸಿಲು ಬೇಡ, ಮೊದಲು ಬೇಯಿಸಿ

ಡಿಸೆಂಬರಿನಲ್ಲಿ ಪುಣೆಯ ಬಳಿಯ ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ಎರಡು ದಿನ ನಡೆಯಲಿರುವ ನಿಮ್ಮ ತಂಡಕ್ಕಾಗಿ ಮಟನ್ ಖೀಮಾವನ್ನು (ಸಣ್ಣಗೆ ಕೊಚ್ಚಿದ ಮಾಂಸ) ಪುಣೆಯ ಮನೆಯ ತಾರಸಿಯಲ್ಲಿಯೇ ಒಣಗಿಸಬಹುದೇ ಎಂದು ಕೇಳಿದ್ದೀರಿ. ಕೊಂಕಣದಲ್ಲಿ ಬೊಂಬಿಲ್, ಜವಳಾ ಎಲ್ಲವೂ ಬಿಸಿಲಿನಲ್ಲಿಯೇ ಒಣಗುವಾಗ ಮಾಂಸಕ್ಕೇಕೆ ಆಗದು ಎಂದು ಹಿರಿಯರೊಬ್ಬರು ಬರೆದಿದ್ದಾರೆ. ಅವರ ಮಾತಿಗೆ ಗೌರವ ಕೊಟ್ಟೇ ಬೇಡವೆನ್ನುತ್ತೇನೆ. ಬೊಂಬಿಲ್ ತೆಳ್ಳಗಿನ ಮೀನು, ಜವಳಾ ತೀರ ಸಣ್ಣ ಸೀಗಡಿ. ಅವು ಕಡಲ ಗಾಳಿಗೂ ಬೇಸಿಗೆಯ ಬಿಸಿಲಿಗೂ ಬೇಗನೆ ಒಣಗುತ್ತವೆ. ಡಿಸೆಂಬರಿನ ಪುಣೆಯಲ್ಲಿ ಹಗಲಿನ ತಾಪಮಾನ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಸಿ ಮಾಂಸದಲ್ಲಿ ಸೂಕ್ಷ್ಮಾಣುಗಳು ಹೆಚ್ಚಲು ಅದಕ್ಕಿಂತ ಅನುಕೂಲವಾದ ಬಿಸಿ ಬೇಕಿಲ್ಲ.

ಬಿಸಿ ಗಾಳಿಯಿಂದ ಆಹಾರ ಒಣಗಿಸುವ ಯಂತ್ರ, ಅಂದರೆ ಡಿಹೈಡ್ರೇಟರ್ ಇದ್ದರೂ ಹಸಿ ಮಾಂಸವನ್ನು ನೇರವಾಗಿ ಅದರೊಳಗೆ ಇಡಬಾರದು. ಯಂತ್ರವನ್ನು 60 ಡಿಗ್ರಿಗೆ ಹೊಂದಿಸಿದ್ದರೂ, ಒಳಗಿನ ನೀರು ಆವಿಯಾಗುವವರೆಗೆ ಮಾಂಸ ಅದಕ್ಕಿಂತ ತಂಪಾಗಿಯೇ ಇರುತ್ತದೆ. ಮುಂದೆ ಬಿಸಿ ಏರುವ ಹೊತ್ತಿಗೆ ತೇವ ಕಳೆದುಕೊಂಡ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಶಾಖವನ್ನು ಇನ್ನಷ್ಟು ತಾಳಿಕೊಳ್ಳುತ್ತವೆ. ಆದ್ದರಿಂದಲೇ ಅಮೆರಿಕದ ಕೃಷಿ ಇಲಾಖೆಯು ಒಣಗಿಸುವ ಮುನ್ನವೇ ಮಾಂಸವನ್ನು 71 ಡಿಗ್ರಿಗೆ, ಕೋಳಿಯನ್ನು 74 ಡಿಗ್ರಿಗೆ ಕಾಯಿಸಬೇಕೆಂದು ಹೇಳುತ್ತದೆ. ನಮ್ಮ ಪ್ರೆಶರ್ ಕುಕ್ಕರ್ ಈ ಅಂಕಿಗಳನ್ನು ಸುಲಭವಾಗಿ ದಾಟುತ್ತದೆ. ಕೋಳಿಯ ಎದೆಮಾಂಸವನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಎಳೆಎಳೆಯಾಗಿ ಬಿಡಿಸಿ ಒಣಗಿಸಿದರೆ, ಮುಂದೆ ನೀರಿನಲ್ಲಿ ಚೆನ್ನಾಗಿ ಅರಳುತ್ತದೆ. ಬಾಣಲೆಯಲ್ಲಿ ಹುರಿದ ತುಂಡು ಒಣಗಿದ ಮೇಲೆ ಎಷ್ಟು ಕುದಿಸಿದರೂ ರಬ್ಬರಿನಂತೆಯೇ ಉಳಿಯುತ್ತದೆ.

ಇನ್ನು ಕೊಬ್ಬಿನ ವಿಷಯ. ಮಾಂಸದ ನೀರು ಹೋಗುತ್ತದೆ, ಕೊಬ್ಬು ಹೋಗುವುದಿಲ್ಲ. ಉಳಿದ ಕೊಬ್ಬು ಕೆಲವೇ ದಿನಗಳಲ್ಲಿ ಕಮಟು ವಾಸನೆ ಹಿಡಿಯಬಹುದು. ಕಟುಕರಿಗೆ ಮೊದಲೇ ಹೇಳಿ, ಕೊಬ್ಬು ತೆಗೆದ ಆಡಿನ ತೊಡೆಯ ಮಾಂಸವನ್ನೇ ಖೀಮಾ ಮಾಡಿಸಿಕೊಳ್ಳಿ. ಅದನ್ನು ಎಣ್ಣೆ ಹಾಕದೆ ಉಪ್ಪು, ಅರಿಸಿನ, ಶುಂಠಿ ಬೆಳ್ಳುಳ್ಳಿಯೊಡನೆ ಬೇಯಿಸಿ, ಜರಡಿಗೆ ಸುರಿದು, ಮೇಲಿನಿಂದ ಕುದಿಯುವ ನೀರು ಹಾಕಿ ಕೊಬ್ಬನ್ನು ತೊಳೆಯಿರಿ. ರುಚಿ ಸ್ವಲ್ಪ ಹೋಗುತ್ತದೆ, ಆದರೆ ಬೇರೆ ದಾರಿಯಿಲ್ಲ. ಬೇಯಿಸುವ ಮುನ್ನ ಅರ್ಧ ಕಿಲೋ ಖೀಮಾಕ್ಕೆ ಸುಮಾರು 50 ಗ್ರಾಂ ಒಣಗಿದ ಪಾವ್ ಬ್ರೆಡ್ಡಿನ ಪುಡಿ ಬೆರೆಸಿದರೆ, ಅದು ಮುಂದೆ ನೀರನ್ನು ಹೀರಿಕೊಂಡು ಖೀಮಾವನ್ನು ಮೆದುವಾಗಿಸುತ್ತದೆ. ಕಾಂದಾ ಲಸೂಣ್ (ಈರುಳ್ಳಿ ಬೆಳ್ಳುಳ್ಳಿ) ಮಸಾಲೆಯಲ್ಲಿ ಸಾಮಾನ್ಯವಾಗಿ ಒಣಕೊಬ್ಬರಿಯೂ ಎಣ್ಣೆಯೂ ಇರುವುದರಿಂದ ಅದನ್ನು ಈಗಲೇ ಸೇರಿಸದೆ ಬೇರೆ ಪೊಟ್ಟಣದಲ್ಲಿ ಒಯ್ಯಿರಿ; ತುಪ್ಪಕ್ಕೂ ಇದೇ ಮಾತು.

ಬೆಂದ ಖೀಮಾವನ್ನು ಡಿಹೈಡ್ರೇಟರಿನ ತಟ್ಟೆಯಲ್ಲಿ ತೆಳುವಾಗಿ ಹರಡಿ 63 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ ಇಡಿ, ನಡುವೆ ಗಂಟುಗಳನ್ನು ಪುಡಿಮಾಡುತ್ತಿರಿ. ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಒಲೆ) ಮಾಡುವವರು ಅದರ ಕನಿಷ್ಠ ಶಾಖವನ್ನು ನೋಡಿಕೊಳ್ಳಬೇಕು; 100 ಡಿಗ್ರಿಯಿಂದ ಶುರುವಾಗುವ ಓಟಿಜಿಯಲ್ಲಿ ಹೊರಪದರ ಗಟ್ಟಿಯಾಗಿ ಒಳಗೆ ತೇವ ಉಳಿಯುತ್ತದೆ. ಒಣಗಿತೆಂದು ತಿಳಿಯಲು ಪೂರ್ತಿ ಆರಿದ ನಂತರ ಕಾಳನ್ನು ಮುರಿದು ನೋಡಿ: ಸಣ್ಣ ಹರಳಿನಂತೆ ಒಡೆಯಬೇಕು, ಬಾಗಬಾರದು. ಬಳಿಕ ಗಾಜಿನ ಭರಣಿಯಲ್ಲಿ ಒಂದು ದಿನ ಮುಚ್ಚಿಡಿ; ಗಾಜಿನ ಒಳಗೆ ಮಂಜು ಕಟ್ಟಿದರೆ ಮತ್ತೆ ಒಣಗಿಸಿ. ಮುಂಬಯಿಯಲ್ಲಿ ಒಣಗಿಸುವವರು ಆರಿದ ಕೂಡಲೇ ಚೀಲಕ್ಕೆ ತುಂಬುವುದು ಒಳ್ಳೆಯದು, ಅಲ್ಲಿನ ಗಾಳಿಯ ತೇವವನ್ನು ಒಣಖೀಮಾ ಬೇಗನೆ ಎಳೆದುಕೊಳ್ಳುತ್ತದೆ. ಹೊರಡುವ ದಿನದವರೆಗೆ ಫ್ರೀಜರಿನಲ್ಲಿಡಿ. ಹೊರಗೆ ಇಡುವುದಾದರೆ ಎರಡು ವಾರವೇ ಮಿತಿ ಎಂದುಕೊಳ್ಳಿ.

ಕೋಟೆಯ ಮೇಲೆ ಒಂದು ಪಾಲು ಖೀಮಾಕ್ಕೆ ಒಂದೂವರೆ ಪಾಲು ನೀರು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಲೆಗಿಡಿ. ರಾಜಗಡ, ತೋರಣಾ ಎರಡೂ ಸುಮಾರು 1,400 ಮೀಟರ್ ಎತ್ತರದಲ್ಲಿವೆ. ಅಲ್ಲಿ ನೀರು 95 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಮನೆಗಿಂತ ಕೆಲವು ನಿಮಿಷ ಹೆಚ್ಚು ಬೇಕಾಗುತ್ತದೆ. ನೀರಿನಲ್ಲಿ ನೆನೆದ ಮೇಲೆ ಅದು ಮತ್ತೆ ಬೇಗ ಕೆಡುವ ಮಾಂಸವೇ, ಹಾಗಾಗಿ ಆ ಹೊತ್ತಿಗೆ ಬೇಕಾದಷ್ಟನ್ನೇ ನೆನೆಸಿ. ರಾತ್ರಿ ಉಳಿದದ್ದನ್ನು ಬೆಳಗಿನ ನಾಷ್ಟಾಕ್ಕೆ ಎತ್ತಿಡಬೇಡಿ.