ಅಜ್ಜ ಸುಮ್ಮನಿದ್ದರು ಅಂತ ಬರೆಯಲೇ?

ಪ್ರಶ್ನೆ: ನನ್ನ ಅಜ್ಜ 1949ರಿಂದ 1961ರ ತನಕ ನೈರೋಬಿಯಲ್ಲಿ ಸರ್ಕಾರಿ ಡಾಕ್ಟರ್ ಆಗಿದ್ದರು. ಅವರ ನೂರನೇ ವರ್ಷದ ನೆನಪಿಗೆ ದೊಡ್ಡಪ್ಪ ಪುಸ್ತಕ ಮಾಡಿಸುತ್ತಿದ್ದಾರೆ. ‘ಬ್ರಿಟಿಷರಿಗೆ ಎದುರು ನಿಂತ ಕನ್ನಡಿಗ’ ಅಂತ ಹೆಸರೂ ಇಟ್ಟಾಗಿದೆ. ಅಜ್ಜ ಅಜ್ಜಿಗೆ ಬರೆದ ಕಾಗದಗಳನ್ನು ಟೈಪ್ ಮಾಡುತ್ತಿರುವವಳು ನಾನು. ಎದುರು ನಿಂತದ್ದು ಅವುಗಳಲ್ಲಿ ಎಲ್ಲೂ ಇಲ್ಲ. ತಾವೇ ಕೆಲಸ ಕಲಿಸಿದ ಬಿಳಿಯ ಹುಡುಗ ಮೇಲಧಿಕಾರಿಯಾದಾಗಲೂ ‘ಸುಮ್ಮನಿದ್ದೆ’ ಅಂತ ಬರೆದಿದ್ದಾರೆ. ಇನ್ನೊಂದು ಕಾಗದದಲ್ಲಿ, ಮನೆಗೆಲಸದ ಕಿಕುಯು (ಅಲ್ಲಿನ ಆಫ್ರಿಕನ್ ಜನಾಂಗ) ಮುದುಕನಿಗೆ ಹೊರಗೆ ಬೇರೆ ತಗಡಿನ ತಟ್ಟೆ ಇಟ್ಟ ವಿಷಯವಿದೆ. ಇದೆಲ್ಲ ಬಂದರೆ ಮನೆ ಮಾನ ಹೋಗುತ್ತದೆ ಅಂತಾರೆ ದೊಡ್ಡಪ್ಪ. ಏನು ಮಾಡಲಿ?

ಉತ್ತರ: ನೀವು ಫೋಟೋ ತೆಗೆದು ಕಳಿಸಿದ ಹಾಳೆಯನ್ನು ತುಂಬ ಹೊತ್ತು ನೋಡಿದೆ. ‘ಸುಮ್ಮನಿದ್ದೆ’ ಅಂತ ಬರೆಯುವ ಮೊದಲು ಅಜ್ಜ ಬೇರೇನೋ ಎರಡು ಸಾಲು ಬರೆದಿದ್ದಾರೆ. ಆಮೇಲೆ ಕಾಗದ ಹರಿಯುವಷ್ಟು ಗೀಚಿ ಹೊಡೆದುಹಾಕಿದ್ದಾರೆ. ಅದರ ಕೆಳಗೆ ತಂಗಿಯ ಮದುವೆಗೆ ಕಳಿಸಿದ ದುಡ್ಡಿನ ಲೆಕ್ಕ. ಏನೂ ಅನ್ನಿಸದವರು ಹಾಗೆ ಗೀಚುವುದಿಲ್ಲ, ಅಲ್ವಾ?

ಅವರು ಎಂಥ ಜಾಗದಲ್ಲಿ ಸುಮ್ಮನಿದ್ದರು ಅಂತ ನೋಡಿ. ಬ್ರಿಟಿಷರ ಕೈಯಲ್ಲಿದ್ದ ಆಗಿನ ಕೀನ್ಯಾದಲ್ಲಿ ಎಲ್ಲಕ್ಕೂ ಮೂರು ಮೆಟ್ಟಿಲು. ಮೇಲೆ ಬಿಳಿಯರು, ನಡುವೆ ಏಷ್ಯನ್ನರು, ಕೆಳಗೆ ಆ ನೆಲದ ಆಫ್ರಿಕನ್ನರು. ಶಾಲೆ, ಆಸ್ಪತ್ರೆ, ಬಡಾವಣೆ ಎಲ್ಲ ಬೇರೆ ಬೇರೆ. ಎತ್ತರದ ತಂಪು ಸೀಮೆಯ ಒಳ್ಳೆ ಜಮೀನನ್ನು ದುಡ್ಡಿದ್ದರೂ ಭಾರತೀಯರು ಕೊಳ್ಳುವಂತಿರಲಿಲ್ಲ. ಸರ್ಕಾರಿ ಕೆಲಸದಲ್ಲಿ ಬಿಳಿಯನಿಗೆ ಐದು ರೂಪಾಯಿ ಅಂದರೆ, ಅದೇ ಓದು ಅದೇ ಕೆಲಸದ ಏಷ್ಯನ್ನನಿಗೆ ಮೂರು. 1948ರಲ್ಲಿ ಸರ್ಕಾರಿ ನೌಕರರ ಸಂಬಳ ಪರಿಶೀಲಿಸಿದ ಹೋಮ್ಸ್ ಆಯೋಗ ಈ ಲೆಕ್ಕ ಸರಿ ಅಂದಿತ್ತು. ಬಣ್ಣ ನೋಡಿ ಸಂಬಳ ಕೊಡುವುದು ಬೇಡ ಅಂತ ಲಿಡ್ಬರಿ ಆಯೋಗ ಹೇಳಿದ್ದು 1954ರಲ್ಲಿ.

ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದೂ ಊರಿಗೆಲ್ಲ ಗೊತ್ತಿತ್ತು. ಕಾರ್ಮಿಕ ನಾಯಕ ಮಖನ್ ಸಿಂಗ್ ಅವರನ್ನು 1950ರಲ್ಲಿ ಹಿಡಿದು 1961ರಲ್ಲಿ ಬಿಟ್ಟರು. ಅಜ್ಜ ನೈರೋಬಿಯಲ್ಲಿದ್ದ ಹೆಚ್ಚುಕಮ್ಮಿ ಅಷ್ಟೂ ವರ್ಷ! ನಾನು ಅಜ್ಜನನ್ನು ಹೇಡಿ ಅನ್ನಲಾರೆ.

ಹಾಗಂತ ಪುಸ್ತಕದ ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಕೀನ್ಯಾದ ಕಪೆಂಗುರಿಯಾ ಊರಲ್ಲಿ ಬ್ರಿಟಿಷರು ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಜೋಮೋ ಕೆನ್ಯಾಟ ಅವರ ವಿಚಾರಣೆ ನಡೆಸಿದಾಗ ಎ. ಆರ್. ಕಪಿಲಾ, ಫಿಟ್ಜ್ ಡಿಸೋಜಾ ಅವರಂಥ ಭಾರತೀಯ ಮೂಲದ ವಕೀಲರು ಅವರ ಪರ ನಿಂತರು. ನಿಜವಾಗಿ ಎದುರು ನಿಂತವರು ಅವರು. ಅವರ ಪಕ್ಕ ಅಜ್ಜನನ್ನು ಸುಮ್ನೆ ತಂದು ಕೂರಿಸಬೇಡಿ.

ಇನ್ನು ಆ ತಗಡಿನ ತಟ್ಟೆ. ನಿಮಗೆ ಜಾಸ್ತಿ ನೋವಾಗಿರುವುದು ಅದರಿಂದಲೇ ಅಂತ ಕಾಣುತ್ತದೆ. ಆಗಬೇಕಾದ್ದೇ. ಮೂರು ಮೆಟ್ಟಿಲಿನ ಏರ್ಪಾಡು ಅಷ್ಟು ದಿನ ನಿಂತಿದ್ದೇ ನಡುವಿನವರಿಗೆ ತುಳಿಯಲು ಇನ್ನೊಬ್ಬರು ಸಿಕ್ಕಿದ್ದರಿಂದ. ಅಷ್ಟೇ ಅಲ್ಲ, ಹೊರಗೆ ಬೇರೆ ತಟ್ಟೆ ಇಡುವುದನ್ನು ಬ್ರಿಟಿಷರೇನೂ ನಮಗೆ ಕಲಿಸಲಿಲ್ಲ. ಅದು ನಮ್ಮೂರಿಂದಲೇ ಅಜ್ಜನ ಜೊತೆ ಹಡಗು ಹತ್ತಿ ಹೋಗಿತ್ತು. ಆ ಸಾಲನ್ನು ದಯವಿಟ್ಟು ತೆಗೆಯಬೇಡಿ. ಆ ಮುದುಕ ಅಲ್ಲಿ ಊಟ ಮಾಡಿದ್ದಕ್ಕೆ ಉಳಿದಿರುವುದು ಅದೊಂದೇ ಸಾಲು.

ದೊಡ್ಡಪ್ಪನ ಜೊತೆ ಮಾನದ ವಿಷಯಕ್ಕೆ ಜಗಳಕ್ಕಿಳಿಯಬೇಡಿ. ಅಪ್ಪನ ಕಾಗದಕ್ಕೆ ಕಾದು ಬೆಳೆದ ಮಗ ಅವರು. ಟೈಪ್ ಮಾಡಿದ್ದನ್ನು ಬದಿಗಿಟ್ಟು ಆ ಮೂಲ ಹಾಳೆಯನ್ನೇ ಅವರ ಕೈಗೆ ಕೊಡಿ. ಗೀಚಿದ ಜಾಗದಲ್ಲಿ ಏನು ಬರೆದಿದ್ದಿರಬಹುದು ಅಂತ ಕೇಳಿ, ಅವರು ಹೇಳುವಷ್ಟು ಹೊತ್ತು ಕೂತು ಕೇಳಿಸಿಕೊಳ್ಳಿ. ಆಮೇಲೆ ಪುಸ್ತಕದ ಹೆಸರಿನ ಮಾತು ತೆಗೆಯಿರಿ. ಆಗಲೂ ಒಪ್ಪದಿದ್ದರೆ ಪುಸ್ತಕ ಅವರದ್ದು, ಅವರು ಮಾಡಿಕೊಳ್ಳಲಿ. ನಿಮ್ಮ ಹೆಸರು ಅದರಲ್ಲಿ ಬೇಡ ಅನ್ನಿ. ಕಾಗದಗಳನ್ನೆಲ್ಲ ಒಂದೂ ಬಿಡದೆ ಈ ವಾರವೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.