ಮಂಡ್ಯದ ಐದು ರೂಪಾಯಿ ಡಾಕ್ಟರ್

ಪ್ರಶ್ನೆ: ಮಂಡ್ಯದಲ್ಲಿ ಐದು ರೂಪಾಯಿಗೆ ನೋಡುವ ಡಾಕ್ಟರ್ ಇದ್ದಾರಂತೆ. ಅಷ್ಟು ಕಡಿಮೆಗೆ ಸರಿಯಾಗಿ ನೋಡುತ್ತಾರಾ? – ಓದುಗರೊಬ್ಬರು, ಹಾಸನ

ಉತ್ತರ: ಇದ್ದಾರೆ. ಡಾ. ಶಂಕರೇಗೌಡರು, ಚರ್ಮರೋಗ ತಜ್ಞರು. ಊರು ಮಂಡ್ಯ ತಾಲ್ಲೂಕಿನ ಶಿವಳ್ಳಿ, ಓದಿದ್ದು ಮಣಿಪಾಲದಲ್ಲಿ. 1980ರ ದಶಕದಿಂದ ಮಂಡ್ಯದಲ್ಲೇ ರೋಗಿಗಳನ್ನು ನೋಡುತ್ತಾ ಬಂದಿದ್ದಾರೆ. ಫೀಸು 5 ರೂಪಾಯಿ. ಬರೆದುಕೊಡುವ ಔಷಧಿಯೂ ಜಾಸ್ತಿ ದುಬಾರಿಯಲ್ಲ.

ನಮ್ಮತ್ತೆಗೆ ಗದ್ದೆ ಕೆಲಸದಿಂದ ಹುಳುಕಡ್ಡಿ ಹತ್ತಿದಾಗ ಅಲ್ಲಿಗೇ ಹೋಗಿ ವಾಸಿ ಮಾಡಿಕೊಂಡರು. ಅದಕ್ಕೇ ಹೇಳುತ್ತೇನೆ, ಫೀಸು ನೋಡಿ ಅನುಮಾನ ಬೇಡ. ತುರಿಕೆಯಿಂದ ಯಾರೂ ಸಾಯುವುದಿಲ್ಲ ಅಂತ ಬಡವರ ಮನೆಯಲ್ಲಿ ಅದನ್ನು ಮುಂದಕ್ಕೆ ಹಾಕುತ್ತಲೇ ಇರುತ್ತಾರೆ, ಅಲ್ವಾ? ಅಷ್ಟರಲ್ಲಿ ಒಂದೇ ಟವೆಲ್‌ನಿಂದ ಮನೆಮಂದಿಗೆಲ್ಲ ಹರಡಿರುತ್ತದೆ. ಇನ್ನು ಕೆಲವರು ಅಂಗಡಿಯಿಂದ ಸುಮ್ನೆ ಸ್ಟೀರಾಯ್ಡ್ ಮುಲಾಮು ತಂದು ಹಚ್ಚುತ್ತಾರೆ. ಎರಡು ದಿನ ಉರಿ ಇಳಿಯುತ್ತದೆ, ಆಮೇಲೆ ಹುಳುಕಡ್ಡಿ ಇನ್ನೂ ಅಗಲವಾಗುತ್ತದೆ. ಐದು ರೂಪಾಯಿ ಅಂದರೆ ಕೂಲಿಯವರೂ ಹಿಂಜರಿಯದೆ ಬೇಗ ಬರುತ್ತಾರೆ. ಅವರ ದೊಡ್ಡ ಉಪಕಾರ ಇದೇ ಅನ್ನಿಸುತ್ತದೆ ನನಗೆ.

2022ರಲ್ಲಿ ಅವರಿಗೇ ಹೃದಯದ ತೊಂದರೆಯಾದಾಗ ಮಂಡ್ಯದ ಜನ ತಮ್ಮ ಮನೆಯವರಿಗೇ ಆದಂತೆ ಕಳವಳಪಟ್ಟಿದ್ದರು. ನೀವು ಹೋಗುವುದಾದರೆ ಬೇಗ ಹೊರಡಿ, ಜನ ಜಾಸ್ತಿ ಇರುತ್ತಾರೆ.